ಒಂದು ನೆರಳನ್ನು ನಂಬಬಹುದೇ?

ಗವಿಪುರದ ಗಂಗಾಧರೇಶ್ವರ ದೇವಾಲಯದ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ಶಿಲಾಸ್ತಂಭಗಳಿವೆ; ಒಂದೊಂದರ ತಲೆಯ ಮೇಲೂ ದೊಡ್ಡದೊಂದು ಕಲ್ಲಿನ ಬಿಲ್ಲೆ. ಇವೆರಡೂ ಒಂದೇ ಸಾಲಿಗೆ ಬರುವಂತೆ ನಿಂತು ನೋಡಿದರೆ, ಹಿಂದಿನದು ಮುಂದಿನದರ ಮರೆಗೆ ಸೇರಿ, ಇರುವುದೊಂದೇ ಎಂಬ ಭ್ರಮೆಯುಂಟಾಗುತ್ತದೆ. ಕೆಲವು ಹೆಜ್ಜೆ ಪಕ್ಕಕ್ಕೆ ಸರಿದೊಡನೆ ಭ್ರಮೆ ಹರಿಯುತ್ತದೆ. ಹಲ್ಲಿನ ಕ್ಷ-ಕಿರಣ ಚಿತ್ರವನ್ನು ಓದುವವರಿಗೂ ಇದೇ ಪಾಠ ಅಗತ್ಯ.

ಆ ಚಿತ್ರವು ವಾಸ್ತವವಾಗಿ ಹಲ್ಲಿನ ನೆರಳು. ನೆರಳಿನಲ್ಲಿ ಉದ್ದ ಅಗಲಗಳು ಉಳಿಯುತ್ತವೆ, ಆಳ ಅಳಿದುಹೋಗುತ್ತದೆ. ಕೆಳದವಡೆಯ ಮೊದಲನೆಯ ದವಡೆಹಲ್ಲಿಗೆ ಸಾಮಾನ್ಯವಾಗಿ ಮುಂದೊಂದು, ಹಿಂದೊಂದು, ಹೀಗೆ ಎರಡು ಬೇರುಗಳು. ಆದರೆ ಕೆಲವರಲ್ಲಿ ನಾಲಗೆಯ ಕಡೆಗೆ ಮೂರನೆಯ ಬೇರೊಂದಿರುತ್ತದೆ. ಇದನ್ನು ವಿಯೆನ್ನಾದ ದಂತವೈದ್ಯ ಕ್ಯಾರಬೆಲ್ಲಿ 1844ರಲ್ಲಿಯೇ ವರ್ಣಿಸಿದ್ದನು. ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷದ ಜನವರಿಯಲ್ಲಿ ಜರ್ಮನಿಯ ವಾಲ್ಕಾಫ್ 25 ನಿಮಿಷ ಅಲುಗಾಡದೆ ಕುಳಿತು ತನ್ನ ಹಲ್ಲುಗಳ ಚಿತ್ರ ಪಡೆದನು. ಇಂದು ಅರೆಕ್ಷಣ ಸಾಕು. ಆದರೂ ನೆರಳು ನೆರಳಾಗಿಯೇ ಉಳಿದಿದೆ. ನೇರವಾಗಿ ತೆಗೆದ ಚಿತ್ರದಲ್ಲಿ ಮೂರನೆಯ ಬೇರು ಹಿಂದಿನ ಬೇರಿನ ಮರೆಯಲ್ಲಿ ಅಡಗಬಹುದು.

ಅಡಗಿದರೇನು ನಷ್ಟ? ಬೇರಿನ ನಾಳವನ್ನು ಶುಚಿಮಾಡಿ ಮುಚ್ಚುವ ಚಿಕಿತ್ಸೆಯಲ್ಲಿ ಒಂದು ನಾಳ ಕಣ್ತಪ್ಪಿದರೆ ಅಲ್ಲಿ ಸೋಂಕು ಉಳಿಯುತ್ತದೆ, ನೋವು ಮರುಕಳಿಸಬಹುದು, ಕಡೆಗೆ ಹಲ್ಲನ್ನೇ ಕೀಳಬೇಕಾಗಬಹುದು.

ಪರಿಹಾರವು ಆ ದೇವಾಲಯದ ಅಂಗಳದಲ್ಲಿ ಕಂಡದ್ದೇ. ಕಿರಣದ ನಳಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆದರೆ ನೆರಳುಗಳು ಬೇರ್ಪಡುತ್ತವೆ. ಕೆನ್ನೆಯ ಕಡೆಯ ಬೇರು ನಳಿಗೆ ಸರಿದ ದಿಕ್ಕಿಗೆ ವಿರುದ್ಧವಾಗಿಯೂ ನಾಲಗೆಯ ಕಡೆಯದು ಅದೇ ದಿಕ್ಕಿಗೂ ಸರಿದಂತೆ ಕಾಣುತ್ತದೆ. ಈ ನಿಯಮವನ್ನು ಕ್ಲಾರ್ಕ್ 1910ರಲ್ಲಿ ಪ್ರಕಟಿಸಿದನು.

ಬೇರುನಾಳದ ಚಿಕಿತ್ಸೆಗೆ ಮೊದಲು ಓರೆಯ ಎರಡನೆಯ ಚಿತ್ರವನ್ನು ತೆಗೆಯುವುದು ವಾಡಿಕೆಯಾಗಬೇಕೆಂಬುದು ನಮ್ಮ ಅಭಿಪ್ರಾಯ. ಕಿರಣವನ್ನು ವೃಥಾ ಬಳಸಬಾರದೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಹಲ್ಲಿನ ಒಂದು ಸಣ್ಣ ಚಿತ್ರಕ್ಕೆ ತಗಲುವ ಕಿರಣ ಅತ್ಯಲ್ಪ. ತಪ್ಪಿದ ಚಿಕಿತ್ಸೆಯನ್ನು ಮತ್ತೆ ಮಾಡುವಾಗ ಇನ್ನೂ ಹಲವು ಚಿತ್ರಗಳು ಬೇಕಾಗುತ್ತವೆ. ಎರಡರಿಂದಲೂ ಸಂದೇಹ ತೀರದಿದ್ದರೆ ಮಾತ್ರ ಮೂರು ಆಯಾಮಗಳ ಸ್ಕ್ಯಾನಿಗೆ ಹೋಗುವುದು ಯುಕ್ತ. ಅದಕ್ಕೆ ಕಿರಣವೂ ಹೆಚ್ಚು, ಹಣವೂ ಹೆಚ್ಚು.

ಭೌತಶಾಸ್ತ್ರದ ಅಧ್ಯಾಪಕರಾದ ನಮ್ಮ ಮೇಲೂ ಒಂದು ಹೊಣೆಯಿದೆ. ಸ್ಥಾನಭೇದವನ್ನು ನಾವು ನಕ್ಷತ್ರಗಳ ದೂರವನ್ನಳೆಯುವ ಉಪಾಯವೆಂದಷ್ಟೇ ಬೋಧಿಸಿ ಮುಂದೆ ಸಾಗುತ್ತೇವೆ. ನಮ್ಮ ಬಾಯೊಳಗಿನ ಹಲ್ಲಿಗೂ ಅದು ಅನ್ವಯಿಸುತ್ತದೆಂದು ತಿಳಿದ ವಿದ್ಯಾರ್ಥಿಯು, ಮುಂದೆ ವೈದ್ಯನಾಗಲಿ ರೋಗಿಯಾಗಲಿ, ಯಾವ ಚಿತ್ರವನ್ನು ಕಂಡರೂ ಮೊದಲು ಕೇಳುವನು: ಇದನ್ನು ಯಾವ ದಿಕ್ಕಿನಿಂದ ತೆಗೆದದ್ದು?