ಹಗ್ಗದ ಕೋಣ, ನೇಗಿಲಿನ ಕೋಣ

ದಸರಾ ರಜೆ ಬಂದಿತೆಂದರೆ ಕರಾವಳಿಯ ಹಳ್ಳಿಮನೆಗಳಿಗೆ ಬೆಂಗಳೂರಿನ ಮೊಮ್ಮಕ್ಕಳು ಬಂದಿಳಿಯುವುದು ವಾಡಿಕೆ. ಮೂಡುಬಿದಿರೆಗೆ ಸಮೀಪದ ಶಿರ್ತಾಡಿಯಲ್ಲಿ ಅಂಥದೊಂದು ಮನೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಅಡಿಕೆ ತೋಟದ ನಡುವೆ ಹಂಚಿನ ಮನೆ, ಜಗಲಿಯ ಮೇಲೆ ವರ್ಷಕ್ಕೊಮ್ಮೆಯೂ ಕಂಬಳ ತಪ್ಪಿಸದ ಅಜ್ಜ, ಒಳಗೆ ಟಿ.ವಿ.ಯ ಮುಂದೆ ಹೈಸ್ಕೂಲಿಗೆ ಹೋಗುವ ಹುಡುಗ. ಟಿ.ವಿ.ಗೆ ಜೋಡಿಸಿದ್ದು ಎಕ್ಸ್‌ಬಾಕ್ಸ್ ಎಂಬ ಕನ್ಸೋಲ್, ಎಂದರೆ ಆಟಕ್ಕೆಂದೇ ಮಾಡಿದ ಯಂತ್ರ. ಬೆಂಗಳೂರಿನಿಂದ ಬಂದ ದೊಡ್ಡಪ್ಪನ ಮಗನಾದರೋ ತನ್ನ ಲ್ಯಾಪ್‌ಟಾಪನ್ನೂ ಮೌಸನ್ನೂ ಚೀಲದಲ್ಲಿಟ್ಟುಕೊಂಡೇ ಬಂದಿದ್ದನು. ಕಾಲೇಜು ಸೇರಿದ ಆತನಿಗೆ ಕಂಪ್ಯೂಟರಿನ ಮೇಲೆ ಆಡಿದ್ದೇ ಆಟ.

ಇಬ್ಬರೂ ಆಡತೊಡಗಿದ್ದು ‘ಹೇಲೋ ಇನ್ಫಿನಿಟ್’ ಎಂಬ ಆಟ. ದೂರದ ನಕ್ಷತ್ರಲೋಕದ ಕಥೆ. ಆಡುವವನು ಯೋಧನ ಕಣ್ಣಿನಿಂದಲೇ ಆ ಲೋಕವನ್ನು ನೋಡುತ್ತ, ಗುರಿಯಿಟ್ಟು ಹೊಡೆಯಬೇಕು. ಕನ್ಸೋಲಿನವನೂ ಕಂಪ್ಯೂಟರಿನವನೂ ಒಂದೇ ಕಣದಲ್ಲಿ ಎದುರಾಗುವ ಸೌಕರ್ಯ ಅದರಲ್ಲುಂಟು. ಮೊದಲೆರಡು ದಿನ ಅಣ್ಣ ಗೆದ್ದನು. ಮೂರನೆಯ ದಿನ ತಮ್ಮ ಸಾಲಾಗಿ ನಾಲ್ಕು ಬಾರಿ ಗೆದ್ದನು. ಆಗ ಅಣ್ಣನ ಬಾಯಿಂದ ಮಾತು ಬಿದ್ದಿತು: “ನಿನ್ನದೆಂತ ಆಟ ಮಾರಾಯ! ಗುರಿಯನ್ನು ಯಂತ್ರವೇ ಹಿಡಿದು ಕೊಡುತ್ತದೆ. ನೀನು ಗುಂಡಿ ಒತ್ತುವುದು ಮಾತ್ರ.”

ತಮ್ಮ ಕಂಟ್ರೋಲರನ್ನು ಚಾಪೆಯ ಮೇಲಿಟ್ಟು ತೋಟದ ಕಡೆಗೆ ಎದ್ದು ಹೋದನು. ರಾತ್ರಿಯ ಊಟಕ್ಕೂ ಅಣ್ಣನ ಪಕ್ಕದಲ್ಲಿ ಕೂಡಲಿಲ್ಲ. ಸೋತದ್ದಕ್ಕೆ ಅಳುವ ಹುಡುಗನನ್ನು ಸಮಾಧಾನಪಡಿಸಬಹುದು. ಗೆದ್ದ ಹುಡುಗನಿಗೆ ‘ಆ ಗೆಲವು ನಿನ್ನದಲ್ಲ’ ಎಂದರೆ ಸಮಾಧಾನ ಹೇಳುವ ಬಗೆ ಯಾವುದು? ಅಣ್ಣನ ಮಾತಿನಲ್ಲಿ ಒಂದಿಷ್ಟು ಸತ್ಯವೂ ಇದ್ದುದರಿಂದ ಅದು ಇನ್ನಷ್ಟು ನಾಟಿತ್ತು.

ಆ ಸತ್ಯವನ್ನು ಬಿಡಿಸಿ ನೋಡಬೇಕಾದರೆ ಎರಡು ಉಪಕರಣಗಳ ಗುಣವನ್ನು ಅರಿಯಬೇಕು. ಮೌಸನ್ನು ಮೇಜಿನ ಮೇಲೆ ಒಂದಂಗುಲ ಸರಿಸಿದರೆ ಪರದೆಯ ಮೇಲಿನ ನೋಟ ಅದಕ್ಕೆ ತಕ್ಕಷ್ಟೇ ತಿರುಗುತ್ತದೆ; ಕೈ ನಿಂತರೆ ನೋಟವೂ ನಿಲ್ಲುತ್ತದೆ. ರಂಗೋಲಿಯ ಚುಕ್ಕಿ ಇಡುವ ಬೆರಳು ಬೇಕಾದ ಜಾಗಕ್ಕೆ ನೇರವಾಗಿ ಹೋಗುವಂತೆ ಅದು ಗುರಿಗೆ ಹೋಗುತ್ತದೆ. ಕಂಟ್ರೋಲರಿನ ರೀತಿ ಬೇರೆ. ಅದರಲ್ಲಿ ಹೆಬ್ಬೆರಳಿನ ಕೆಳಗೆ ಒಂದು ಪುಟ್ಟ ಕಡ್ಡಿಯಿದೆ. ಅದನ್ನು ಎಷ್ಟು ಬಾಗಿಸಿದರೆ ನೋಟ ಅಷ್ಟು ವೇಗವಾಗಿ ತಿರುಗುತ್ತಲೇ ಹೋಗುತ್ತದೆ. ಬೆರಳು ಸಡಿಲಿಸಿದಾಗ ಮಾತ್ರ ನಿಲ್ಲುತ್ತದೆ. ಮೌಸ್ ಹೇಳುವುದು ‘ಎಲ್ಲಿಗೆ’ ಎಂಬುದನ್ನು. ಕಡ್ಡಿ ಹೇಳುವುದು ‘ಎಷ್ಟು ವೇಗ’ ಎಂಬುದನ್ನು. ನಲ್ಲಿಯ ಕೆಳಗೆ ಕೊಡವಿಟ್ಟು ನೀರು ಕಂಠಕ್ಕೆ ಬರುವ ಕ್ಷಣದಲ್ಲಿ ಸರಿಯಾಗಿ ನಲ್ಲಿ ನಿಲ್ಲಿಸುವ ಗೃಹಿಣಿಗೆ ಈ ಎರಡನೆಯ ವಿದ್ಯೆಯ ಕಷ್ಟ ಗೊತ್ತಿರುತ್ತದೆ. ತುಸು ತಡವಾದರೆ ಚೆಲ್ಲುತ್ತದೆ, ತುಸು ಮುಂಚೆಯಾದರೆ ತುಂಬುವುದಿಲ್ಲ.

ಹಾಗೆಂದು ಕಡ್ಡಿ ಎಲ್ಲದರಲ್ಲಿಯೂ ಕೀಳಲ್ಲ. ಕೀಬೋರ್ಡಿನ ಕೀಲಿಗೆ ಒತ್ತುವುದು, ಬಿಡುವುದು ಎಂಬ ಎರಡೇ ಸ್ಥಿತಿ. ಎಡಗೈಯ ಕಡ್ಡಿಯಾದರೋ ಯೋಧನನ್ನು ಮೆಲ್ಲಗೆ ನಡೆಸಬಲ್ಲದು, ಬಿರುಸಾಗಿ ಓಡಿಸಬಲ್ಲದು, ಯಾವ ಕೋನಕ್ಕಾದರೂ ತಿರುಗಿಸಬಲ್ಲದು.

ಇಂಥ ಆಟಗಳ ತವರುಮನೆ ಮೊದಲಿಗೆ ಕಂಪ್ಯೂಟರೇ. 1993ರಲ್ಲಿ ಮಂಗಳ ಗ್ರಹದ ಉಪಗ್ರಹಗಳ ಮೇಲೆ ನಡೆಯುವ ‘ಡೂಮ್’ ಬಂದಿತು. 1996ರ ‘ಕ್ವೇಕ್’ ಮೌಸಿನಿಂದ ಗುರಿಯಿಡುವ ಪದ್ಧತಿಯನ್ನು ಬಳಕೆಗೆ ತಂದಿತು. 1998ರಲ್ಲಿ ‘ಹಾಫ್-ಲೈಫ್’ ಹೆಸರು ಮಾಡಿತು. ‘ಹೇಲೋ’ ಕೂಡ ಹುಟ್ಟಿನಲ್ಲಿ ಕಂಪ್ಯೂಟರಿನ ಕೂಸು. 1999ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅದನ್ನು ವೇದಿಕೆಯ ಮೇಲೆ ಪರಿಚಯಿಸಿದರು. ಮರುವರ್ಷ ಅದನ್ನು ತಯಾರಿಸುತ್ತಿದ್ದ ಬಂಜಿ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2001ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮೊದಲ ಎಕ್ಸ್‌ಬಾಕ್ಸ್ ಮಾರಾಟಕ್ಕೆ ಬಂದಾಗ ಅದರ ಜೊತೆಯಲ್ಲಿಯೇ ‘ಹೇಲೋ’ ಬಂದಿತು. ಕಂಪ್ಯೂಟರಿಗೆ ಅದು ಮರಳಿದ್ದು 2003ರಲ್ಲಿ.

ಕನ್ಸೋಲಿಗೆ ತರುವಾಗ ತಯಾರಕರು ಆಟವನ್ನೇ ಹೆಬ್ಬೆರಳಿಗೆ ಒಪ್ಪುವಂತೆ ತಿದ್ದಿದರು. ಯೋಧನ ಬಳಿ ಒಂದು ಹೊತ್ತಿಗೆ ಎರಡೇ ಬಂದೂಕು. ಕೈಬಾಂಬಿಗೆ, ಕೈಯಾರೆ ಹೊಡೆಯುವುದಕ್ಕೆ ಬೇರೆ ಬೇರೆ ಗುಂಡಿ. ನಾಲ್ವರು ಒಂದೇ ಟಿ.ವಿ.ಯ ಮುಂದೆ ಕುಳಿತು ಆಡುವ ಏರ್ಪಾಡೂ ಇತ್ತು. ಇವೆಲ್ಲಕ್ಕಿಂತ ಮುಖ್ಯವಾದುದು ಗುರಿಗೆ ಕೊಟ್ಟ ನೆರವು. ಗುರಿಯ ಚಿಹ್ನೆ ಎದುರಾಳಿಯ ಮೇಲೆ ಹಾಯುವಾಗ ನೋಟದ ವೇಗ ತಾನಾಗಿ ತಗ್ಗುತ್ತದೆ. ಎದುರಾಳಿ ಸರಿದರೆ ಚಿಹ್ನೆಯೂ ಅತ್ತ ತುಸು ಸರಿಯುತ್ತದೆ. ತುಂಬುತ್ತಿರುವ ಕೊಡದ ಮೇಲೆ ನಲ್ಲಿಯ ಧಾರೆ ಸ್ವಲ್ಪ ಸಣ್ಣದಾದಂತೆ. ನಿಲ್ಲಿಸುವ ಕೆಲಸ ಆಡುವವನದೇ. ಮೌಸ್ ಹಿಡಿದವನಿಗೆ ಈ ನೆರವಿಲ್ಲ. ಅಣ್ಣನ ದೂರು ಇದನ್ನು ಕುರಿತದ್ದು.

ಅದು ಅವನೊಬ್ಬನ ದೂರೂ ಅಲ್ಲ. 2021ರ ನವೆಂಬರಿನಲ್ಲಿ ‘ಹೇಲೋ ಇನ್ಫಿನಿಟ್’ ಆಟದ ಸ್ಪರ್ಧೆಯ ಭಾಗ ಕನ್ಸೋಲಿಗೂ ಕಂಪ್ಯೂಟರಿಗೂ ಒಟ್ಟಿಗೇ, ಉಚಿತವಾಗಿ ದೊರೆತಾಗ, ಕಂಟ್ರೋಲರಿಗೆ ಅನುಕೂಲ ಹೆಚ್ಚಾಯಿತೆಂದು ಮೌಸಿನ ಆಟಗಾರರು ಹಲವರು ಆಕ್ಷೇಪಿಸಿದರು. ತಯಾರಕರಿಗೂ ಈ ತೊಡಕು ಗೊತ್ತಿತ್ತು. ಶ್ರೇಯಾಂಕದ ಪಂದ್ಯಗಳಲ್ಲಿ ಆರಂಭಕ್ಕೆ ಮೂರು ವಿಭಾಗಗಳನ್ನು ಮಾಡಿದ್ದರು: ಒಬ್ಬರಾಗಿಯೋ ಇಬ್ಬರಾಗಿಯೋ ಆಡುವ ಕಂಟ್ರೋಲರಿನವರಿಗೆ ಒಂದು, ಅದೇ ರೀತಿ ಮೌಸ್-ಕೀಬೋರ್ಡಿನವರಿಗೆ ಒಂದು, ಎಲ್ಲರಿಗೂ ತೆರೆದ ಮತ್ತೊಂದು. ಗಮನಿಸಬೇಕಾದ ಅಂಶವೆಂದರೆ, ವಿಂಗಡಣೆ ನಡೆದದ್ದು ಯಂತ್ರದ ಮೇಲಲ್ಲ, ಕೈಯಲ್ಲಿರುವ ಉಪಕರಣದ ಮೇಲೆ. ಕಂಪ್ಯೂಟರಿಗೂ ಕಂಟ್ರೋಲರನ್ನು ಜೋಡಿಸಿ ಆಡಬಹುದಷ್ಟೆ.

ಶಿರ್ತಾಡಿಯ ಅಜ್ಜನಿಗೆ ಇದಾವುದೂ ತಿಳಿಯದು. ಆದರೆ ಮರುದಿನ ಬೆಳಗ್ಗೆ ಮೊಮ್ಮಕ್ಕಳ ಮುನಿಸಿನ ಕಾರಣ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಹಗ್ಗದ ಕೋಣವನ್ನು ನೇಗಿಲಿನ ಕೋಣದೊಟ್ಟಿಗೆ ಓಡಿಸಿ, ಯಾವುದು ಗೆದ್ದದ್ದು ಅಂತ ಕೇಳಿದರೆ ಎಂತ ಹೇಳುವುದು ಮಕ್ಕಳೇ?”

ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳವನ್ನು ಕಂಡವರಿಗೆ ಆ ಮಾತಿನ ಅರ್ಥ ಹೊಳೆಯುತ್ತದೆ. ಹಗ್ಗದ ವಿಭಾಗದಲ್ಲಿ ಓಡಿಸುವವನು ಬರಿಯ ಹಗ್ಗ ಹಿಡಿದು ಕೆಸರಿನಲ್ಲಿ ಓಡುತ್ತಾನೆ. ನೇಗಿಲಿನಲ್ಲಿ ಹಗುರವಾದ ನೇಗಿಲನ್ನು ಹಿಡಿದು. ಅಡ್ಡಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯಲ್ಲಿ ವೇಗದ ಲೆಕ್ಕವೇ ಇಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದೇ ಲೆಕ್ಕ. ಹಗ್ಗಕ್ಕೂ ನೇಗಿಲಿಗೂ ಹಿರಿಯ, ಕಿರಿಯ ಎಂಬ ಒಳಭೇದ ಬೇರೆ. ಹಲಗೆಯ ಮೇಲೆ ನಿಂತವನನ್ನು ‘ನಿನ್ನ ಕಾಲು ಓಡಲಿಲ್ಲ’ ಎಂದು ಯಾರೂ ಹಳಿಯುವುದಿಲ್ಲ. ಅಲ್ಲಿ ನಿಲ್ಲುವುದೇ ಒಂದು ವಿದ್ಯೆ.

“ಉಪಕರಣ ಬದಲು ಮಾಡಿ ಆಡಿ ನೋಡಿ” ಎಂದರು ಅಜ್ಜ.

ಅಣ್ಣ ನಕ್ಕು ಕಂಟ್ರೋಲರನ್ನು ತೆಗೆದುಕೊಂಡನು. ಯಂತ್ರವೇ ಗುರಿ ಹಿಡಿದು ಕೊಡುವುದಾದರೆ ಅವನು ಗೆಲ್ಲಬೇಕಾಗಿತ್ತು. ಆದರೆ ನೆರವು ದೊರೆಯುವುದು ಗುರಿಯ ಸಮೀಪಕ್ಕೆ ಬಂದ ಮೇಲೆ. ಅಲ್ಲಿಯ ತನಕ ಬರುವುದು ಹೆಬ್ಬೆರಳಿನ ಪಾಡು. ಅವನ ನೋಟ ಒಮ್ಮೆ ಆಕಾಶಕ್ಕೆ, ಒಮ್ಮೆ ಗೋಡೆಗೆ ತಿರುಗಿತು. ಮೌಸ್ ಹಿಡಿದ ತಮ್ಮನ ಸ್ಥಿತಿಯೂ ಅದೇ. ಅರ್ಧ ಗಂಟೆಯ ಮೇಲೆ ಅಣ್ಣ ಕಂಟ್ರೋಲರನ್ನು ತಮ್ಮನ ಕೈಗೆ ಮರಳಿಸುತ್ತ, “ನೀನು ಇದನ್ನು ಎಷ್ಟು ವರ್ಷದಿಂದ ಆಡುತ್ತಿದ್ದೀ?” ಎಂದು ಕೇಳಿದನು. ತಮ್ಮನಿಗೆ ಬೇಕಾಗಿದ್ದುದು ಆ ಪ್ರಶ್ನೆಯೇ.

ಮನೆಗೆ ಯಾವುದನ್ನು ತರಬೇಕೆಂದು ಚಿಂತಿಸುವ ತಂದೆತಾಯಿಗಳು ‘ಯಾವುದರಲ್ಲಿ ಮಗ ಗೆಲ್ಲುತ್ತಾನೆ’ ಎಂದು ಕೇಳಬೇಕಾದುದಿಲ್ಲ. 2020ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಭಾರತಕ್ಕೆ ಬಂದಾಗ ಅದರ ಬೆಲೆ 34,990 ರೂಪಾಯಿ. 2021ರ ಫೆಬ್ರವರಿಯಲ್ಲಿ ಬಂದ ಪ್ಲೇಸ್ಟೇಷನ್ 5ರ ಬೆಲೆ 49,990. ಅಂಥದೇ ಚಿತ್ರವನ್ನು ತೋರಿಸಬಲ್ಲ ಕಂಪ್ಯೂಟರಿಗೆ ಸಾಮಾನ್ಯವಾಗಿ ಹೆಚ್ಚು ಹಣ ಬೇಕು. ಆದರೆ ಅದು ಪಾಠಕ್ಕೂ ಮನೆಯ ಲೆಕ್ಕಪತ್ರಕ್ಕೂ ಒದಗುತ್ತದೆ. ಕನ್ಸೋಲಿನಲ್ಲಿ ಹಣ ಕೊಟ್ಟು ಕೊಂಡ ಆಟವನ್ನು ಇಂಟರ್‌ನೆಟ್ ಮೂಲಕ ಇತರರೊಡನೆ ಆಡುವುದಕ್ಕೆ ಬಹುಮಟ್ಟಿಗೆ ಪ್ರತ್ಯೇಕ ಚಂದಾ ಉಂಟೆಂಬುದನ್ನೂ ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಮಕ್ಕಳು ಜೊತೆಯಾಗಿ ಟಿ.ವಿ.ಯ ಮುಂದೆ ಕೂಡುವ ಮನೆಗೆ ಕನ್ಸೋಲ್ ಒಪ್ಪುತ್ತದೆ. ಒಂದೇ ಯಂತ್ರ ಹಲವು ಕೆಲಸಕ್ಕೆ ಆಗಬೇಕಾದ ಮನೆಗೆ ಕಂಪ್ಯೂಟರ್.

ಅಂದು ಸಂಜೆ ಪೂರ್ವದ ಘಟ್ಟದ ಕಡೆಯಿಂದ ಗುಡುಗು ಕೇಳಿಸಿತು. ಅಜ್ಜಿ ಅಡಿಗೆಮನೆಯಿಂದಲೇ ಕೂಗಿದರು: “ಪ್ಲಗ್ಗುಗಳನ್ನೆಲ್ಲ ತೆಗೆಯಿರಿ! ಸಿಡಿಲಿಗೆ ನಿಮ್ಮ ಹಗ್ಗವೂ ಒಂದೇ, ನೇಗಿಲೂ ಒಂದೇ.” ಮಾರನೆಯ ಬೆಳಗ್ಗೆ ಹುಡುಗರಿಬ್ಬರೂ ಆಟಕ್ಕೆ ಕುಳಿತಾಗ ಒಂದೇ ಪಕ್ಷದಲ್ಲಿದ್ದರು. ದೂರದ ಗುರಿ ಅಣ್ಣನ ಪಾಲು, ಹತ್ತಿರದ್ದು ತಮ್ಮನ ಪಾಲು.