ದೂರದಿಂದ ಕೊಟ್ಟ ಅಪ್ಪಣೆ

ಕುಳಿತಲ್ಲಿಂದಲೇ ಅಪ್ಪಣೆ ಕೊಡುವುದು ನಮ್ಮ ಮನೆಗಳಲ್ಲಿ ಹಿರಿಯರ ಹಳೆಯ ಪದ್ಧತಿ. ನಮ್ಮ ತಾತನವರು ಜಗಲಿಯ ಮೇಲೆ ಕುಳಿತು “ಕಾಫಿ” ಎಂದರೆ ಸಾಕು, ಅಡಿಗೆಮನೆಯಲ್ಲಿ ಒಲೆಯ ಉರಿ ಏಳುತ್ತಿತ್ತು. ಆದರೆ ಅವರ ಅಪ್ಪಣೆಗೂ ಅದು ನೆರವೇರುವುದಕ್ಕೂ ನಡುವೆ ನಮ್ಮ ಅಜ್ಜಿ ಎಂಬ ವಿವೇಕವತಿಯೊಬ್ಬರಿದ್ದರು. ಏಕಾದಶಿಯೆಂಬುದನ್ನು ಮರೆತು ತಾತ ಅನ್ನ ಕೇಳಿದರೆ, ಆಕೆ ಮಾತಾಡದೆ ಅವಲಕ್ಕಿ ತಂದಿಡುತ್ತಿದ್ದರು. ಯಂತ್ರಗಳಿಗೆ ಅಪ್ಪಣೆ ಕೊಡುವ ಈ ಕಾಲದಲ್ಲಿ ನಡುವೆ ಅಜ್ಜಿಯಿಲ್ಲ. ಯಂತ್ರವು ಹೇಳಿದ್ದನ್ನು ಹೇಳಿದಂತೆಯೇ ಮಾಡಿಬಿಡುತ್ತದೆ. ಅದರ ಫಲವನ್ನು ನಾನು ಉಂಡಿದ್ದೇನೆ. ವಾಚಕರಿಗೂ ಸ್ವಲ್ಪ ಬಡಿಸಬೇಕೆಂದಿದ್ದೇನೆ.

ನಮ್ಮ ಕಾಲೇಜಿನ ಸಭಾಂಗಣದಲ್ಲಿ, ಛಾವಣಿಗೆ ಹೊಂದಿಕೊಂಡಂತೆ ಒಂದು ಕ್ಯಾಮೆರಾ ಇದೆ. ದೃಶ್ಯವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿದು ತನ್ನೊಳಗಿನ ಕಾರ್ಡಿನಲ್ಲಿ ಕೂಡಿಡುವ ಯಂತ್ರವದು. ಅದನ್ನು ಕೈಯಿಂದ ಮುಟ್ಟಬೇಕಾದರೆ ಏಣಿ ಬೇಕು. ಆದುದರಿಂದ ಅದರೊಡನೆ ಸಕಲ ವ್ಯವಹಾರವೂ ನೆಟ್‌ವರ್ಕಿನ ತಂತಿಯ ಮೂಲಕವೇ ನಡೆಯುತ್ತದೆ. ಅದರ ಉಸ್ತುವಾರಿ ನನಗೆ ಬಂದದ್ದು ನಾನು ಕನ್ನಡ ಎಂ.ಎ. ಓದಿದ ಕಾರಣದಿಂದಲ್ಲ; ಸಮಿತಿಯ ಸಭೆಗೆ ತಡವಾಗಿ ಹೋದ ಕಾರಣದಿಂದ.

ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ಹಿರಿಯ ಪ್ರಾಧ್ಯಾಪಕರು ನಿವೃತ್ತರಾದರು. ನನಗೆ ಹಳಗನ್ನಡದ ಅಕ್ಷರಗಳಲ್ಲಿ ರುಚಿ ಹುಟ್ಟಿಸಿದ ಗುರುಗಳು ಅವರೇ. ಪರದೇಶದಲ್ಲಿರುವ ಅವರ ಮಗಳಿಗೆ ಬೀಳ್ಕೊಡುಗೆಯ ಸಭೆಗೆ ಬರಲಾಗಲಿಲ್ಲ. “ಅಪ್ಪನ ಭಾಷಣವನ್ನು ನನಗಾಗಿ ಹಿಡಿದಿಡಿ” ಎಂದು ಆಕೆ ಬೇಡಿಕೊಂಡಿದ್ದರು. ನಾನು ಹಿಂದಿನ ದಿನವೇ ಮನೆಯಲ್ಲಿ ಕುಳಿತು, ಹತ್ತು ಗಂಟೆಗೆ ಆರಂಭಿಸು, ಹನ್ನೆರಡಕ್ಕೆ ನಿಲ್ಲಿಸು ಎಂದು ಕ್ಯಾಮೆರಾಕ್ಕೆ ಅಪ್ಪಣೆ ಕೊಟ್ಟು ನೆಮ್ಮದಿಯಾಗಿ ಮಲಗಿದೆ.

ಗುರುಗಳು ಅಂದು ಮುಕ್ಕಾಲು ಗಂಟೆ ಮಾತಾಡಿದರು. ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರು ವಿರಳ. ಸಂಜೆ ನಾನು ಕ್ಯಾಮೆರಾದ ಕಡತವನ್ನು ತೆರೆದು ನೋಡಿದರೆ ಗುರುಗಳಿಲ್ಲ, ಸಭೆಯಿಲ್ಲ. ಚಿತ್ರದ ಮೂಲೆಯಲ್ಲಿ ಬೆಳಗಿನ ಹತ್ತು ಗಂಟೆಯೆಂದು ಅಂಕಿ ಮೂಡಿದೆ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿದೆ. ನಮ್ಮ ಜವಾನ ಖಾಲಿ ಕುರ್ಚಿಗಳ ನಡುವೆ ಕಸ ಗುಡಿಸುತ್ತಿದ್ದಾನೆ. ಮುಂದೆ ನೋಡಲು ಮನಸ್ಸಾಗದೆ ಮುಚ್ಚಿಬಿಟ್ಟೆ.

ತಪ್ಪು ಕ್ಯಾಮೆರಾದ್ದಲ್ಲ. ಅದರ ಗಡಿಯಾರ ಒಂದು ಕ್ಷಣವೂ ಕೆಟ್ಟಿರಲಿಲ್ಲ. ಆದರೆ ಅದು ವಿಶ್ವಮಾನ್ಯವಾದ ಯು.ಟಿ.ಸಿ. ಕಾಲದಲ್ಲಿ, ಎಂದರೆ ಹೆಚ್ಚುಕಡಿಮೆ ಗ್ರೀನಿಚ್ಚಿನ ಕಾಲದಲ್ಲಿ, ನಡೆಯುತ್ತಿತ್ತು. ನಮ್ಮ ಭಾರತೀಯ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು ಗೊತ್ತುಮಾಡಿದ್ದು. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ, 82.5 ಡಿಗ್ರಿಗೆ 330 ನಿಮಿಷ. ಅದೇ ಐದೂವರೆ ಗಂಟೆ. ಕ್ಯಾಮೆರಾಕ್ಕೆ ಬೆಳಗಿನ ಹತ್ತಾದಾಗ ನಮಗೆ ಮಧ್ಯಾಹ್ನ ಮೂರೂವರೆ. ಅಪ್ಪಣೆಯನ್ನು ಅದು ಅಕ್ಷರಶಃ ಪಾಲಿಸಿತ್ತು.

ಸರಿ, ತಿದ್ದೋಣವೆಂದು ಕುಳಿತೆ. ನೆಟ್‌ವರ್ಕ್ ಕ್ಯಾಮೆರಾಗಳಿಗೆಲ್ಲ ಒಂದು ಸಾಮಾನ್ಯ ಭಾಷೆಯಿರಲೆಂದು ಆಕ್ಸಿಸ್, ಬಾಷ್, ಸೋನಿ ಎಂಬ ಮೂರು ಸಂಸ್ಥೆಗಳು ಸೇರಿ 2008ರಲ್ಲಿ ಆನ್‌ವಿಫ್ ಎಂಬ ಕೂಟವನ್ನು ಕಟ್ಟಿದವು. ಆ ಭಾಷೆಯಲ್ಲಿ ಅಪ್ಪಣೆಯೆಂದರೆ ಒಂದು ಸಣ್ಣ ಓಲೆ: ಗಡಿಯಾರವನ್ನು ಕೈಯಿಂದ ತಿದ್ದುವುದೋ, ಬೇರೊಂದು ಕಾಲಸೇವಕ ಯಂತ್ರವನ್ನು ಕೇಳಿ ತಿದ್ದಿಕೊಳ್ಳುವುದೋ, ಕಾಲವಲಯ ಯಾವುದು, ಇಷ್ಟನ್ನು ಬರೆದು ಕಳಿಸಬೇಕು. ಭಾರತವು ಗ್ರೀನಿಚ್ಚಿಗಿಂತ ಮುಂದಿದೆಯೆಂಬ ಅಭಿಮಾನದಿಂದ ಐದೂವರೆಯ ಹಿಂದೆ ಕೂಡುವ ಚಿಹ್ನೆಯನ್ನು ಇಟ್ಟು ಕಳಿಸಿದೆ. “ಆಗಬಹುದು” ಎಂದು ಉತ್ತರ ಬಂತು. ಮರುದಿನ ನೋಡಿದರೆ, ಹಗಲು ಹನ್ನೊಂದರ ಬಿಸಿಲಿನ ಚಿತ್ರದ ಮೇಲೆ ನಡುರಾತ್ರಿ ಹನ್ನೆರಡೆಂದು ಬರೆದಿದೆ!

ಆ ಭಾಷೆಯಲ್ಲಿ ಕಾಲವಲಯವನ್ನು ಬರೆಯುವ ಕ್ರಮ ನಾವು ತಿಳಿದುದಕ್ಕೆ ವಿರುದ್ಧ. ನಮ್ಮ ಕಾಲಕ್ಕೆ ಎಷ್ಟು ಕೂಡಿಸಿದರೆ ಗ್ರೀನಿಚ್ಚಿನ ಕಾಲ ಬರುವುದೆಂದು ಅದು ಕೇಳುತ್ತದೆ. ನಾವು ಕೂಡಿಸಬೇಕಿಲ್ಲ, ಕಳೆಯಬೇಕು. ಆದುದರಿಂದ ನಮ್ಮದು ಕಳೆಯುವ ಐದೂವರೆ. ಒಂದು ಸಣ್ಣ ಗೀಟಿನ ತಪ್ಪಿಗೆ ಹನ್ನೊಂದು ಗಂಟೆಯ ದಂಡ! ನಾನು ಕಲಿತ ಮೊದಲ ಪಾಠ ಇದು: “ಆಗಬಹುದು” ಎಂಬ ಉತ್ತರಕ್ಕೆ ಅಪ್ಪಣೆ ತಲಪಿತೆಂದಷ್ಟೇ ಅರ್ಥ; ಅಪ್ಪಣೆ ಸರಿಯಾಗಿತ್ತೆಂದಲ್ಲ. ಕೊಟ್ಟ ಮೇಲೆ ಮತ್ತೊಮ್ಮೆ “ಈಗ ಗಂಟೆಯೆಷ್ಟು?” ಎಂದು ಕೇಳಿ ನೋಡಬೇಕು.

ಚಿಹ್ನೆಯನ್ನು ತಿದ್ದಿ, ಗಡಿಯಾರವನ್ನು ಕಾಲಸೇವಕ ಯಂತ್ರಕ್ಕೆ ಒಪ್ಪಿಸಿದೆ. ನಮ್ಮ ದೇಶದ ಕಾಲವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯ. ಅಲ್ಲಿಂದಲೂ ಈ ಸೇವೆ ದೊರೆಯುತ್ತದೆ. ಆದರೆ ಕೇಳಿ ಉತ್ತರ ಬರುವಷ್ಟರಲ್ಲಿ ಕಾಲ ಸರಿದುಹೋಗುವುದಿಲ್ಲವೆ? ಅದಕ್ಕೊಂದು ಜಾಣತನವಿದೆ. ನನ್ನ ಗಡಿಯಾರದಲ್ಲಿ ಹತ್ತು ಗಂಟೆಗೆ ಸರಿಯಾಗಿ ಪ್ರಶ್ನೆ ಹೊರಟಿತೆನ್ನಿ. ಅತ್ತ ಕಡೆಯವರು ತಮ್ಮ ಗಡಿಯಾರದಂತೆ ಅದು ಹತ್ತು ಗಂಟೆ 7 ಸೆಕೆಂಡಿಗೆ ತಲಪಿತು, ಉತ್ತರ 8 ಸೆಕೆಂಡಿಗೆ ಹೊರಟಿತು ಎಂದು ಬರೆಯುತ್ತಾರೆ. ನನ್ನ ಗಡಿಯಾರದಲ್ಲಿ ಉತ್ತರ ಬಂದದ್ದು 3 ಸೆಕೆಂಡಿಗೆ. ಒಟ್ಟು 3 ಸೆಕೆಂಡಿನಲ್ಲಿ ಅಲ್ಲಿ ಕಳೆದದ್ದು 1; ಪ್ರಯಾಣಕ್ಕೆ ಉಳಿದದ್ದು 2, ಹೋಗಲು ಒಂದು, ಬರಲು ಒಂದು. ಹಾಗಾದರೆ ನನ್ನ ಗಡಿಯಾರ 6 ಸೆಕೆಂಡು ಹಿಂದಿದೆ. ಇಷ್ಟೇ ಗುಟ್ಟು. ಈ ವಿಧಾನವನ್ನು 1985ರ ಸುಮಾರಿಗೆ ರೂಪಿಸಿ, ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್ ಎಂಬ ಹೆಸರಿನಲ್ಲಿ ಬೆಳೆಸಿದವರು ಅಮೆರಿಕದ ಡೇವಿಡ್ ಮಿಲ್ಸ್. ಹುಟ್ಟಿನಿಂದಲೇ ಅವರಿಗೆ ಕಣ್ಣಿನ ಬೇನೆ. ವಯಸ್ಸಾದಂತೆ ದೃಷ್ಟಿ ಹೋಯಿತು. ಲೋಕದ ಗಡಿಯಾರಗಳನ್ನೆಲ್ಲ ತಿದ್ದಿದವರಿಗೆ ಗೋಡೆಯ ಗಡಿಯಾರ ಕಾಣಿಸದಾಯಿತು. ಅವರು 2024ರಲ್ಲಿ ತೀರಿಕೊಂಡರು.

ಬೇಸಿಗೆ ರಜೆಯಲ್ಲಿ ಸಭಾಂಗಣಕ್ಕೆ ಸುಣ್ಣಬಣ್ಣವಾಯಿತು. ಕೆಲವು ದಿನ ವಿದ್ಯುತ್ತನ್ನು ಕಡಿದಿದ್ದರು. ನೆಟ್‌ವರ್ಕಿನ ತಂತಿಯನ್ನೂ ಕಿತ್ತು ಮತ್ತೆ ಜೋಡಿಸಿದ್ದರು. ಆಮೇಲೆ ಕ್ಯಾಮೆರಾ ನನ್ನನ್ನು ಒಳಗೆ ಬಿಡಲೊಲ್ಲದು. ಗುಪ್ತಪದ ಸರಿಯಾಗಿದೆ, ಆದರೂ “ನೀನು ಯಾರೋ ಅರಿಯೆ” ಎನ್ನುತ್ತದೆ. ಬಹಳ ಹೊತ್ತು ಹೆಣಗಿದ ಮೇಲೆ ಕಾರಣ ಹೊಳೆಯಿತು. ವಿದ್ಯುತ್ತು ಹೋಗಿ ಅದರ ಗಡಿಯಾರ 1970ರ ಜನವರಿ ಒಂದಕ್ಕೆ ಹಿಂತಿರುಗಿತ್ತು. ಪ್ರತಿಯೊಂದು ಓಲೆಯಲ್ಲಿಯೂ ಗುಪ್ತಪದದೊಡನೆ ಬರೆದ ವೇಳೆಯನ್ನು ಹೆಣೆದು ಮುದ್ರೆಯೊತ್ತಿರುತ್ತದೆ. ಕಳ್ಳರು ಹಳೆಯ ಓಲೆಯನ್ನು ಕದ್ದು ಮತ್ತೆ ತೋರಿಸಬಾರದೆಂದು ಈ ಕಟ್ಟುಪಾಡು. ಓಲೆಯ ವೇಳೆ ತನ್ನ ವೇಳೆಗೆ ಹೊಂದದಿದ್ದರೆ ಯಂತ್ರ ಅದನ್ನು ತಿರಸ್ಕರಿಸುತ್ತದೆ.

ಗಡಿಯಾರ ತಿದ್ದಲು ಒಳಗೆ ಹೋಗಬೇಕು. ಒಳಗೆ ಹೋಗಲು ಗಡಿಯಾರ ಸರಿಯಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಆದರೆ ಆ ಭಾಷೆಯನ್ನು ಕಟ್ಟಿದವರು ಒಂದು ಬಾಗಿಲನ್ನು ತೆರೆದೇ ಇಟ್ಟಿದ್ದಾರೆ. “ನಿನ್ನಲ್ಲಿ ಈಗ ಗಂಟೆಯೆಷ್ಟು?” ಎಂಬ ಒಂದು ಪ್ರಶ್ನೆಗೆ ಗುಪ್ತಪದ ಬೇಡ, ಯಾರು ಕೇಳಿದರೂ ಯಂತ್ರ ಉತ್ತರ ಕೊಡುತ್ತದೆ. ಮೊದಲು ಅದನ್ನು ಕೇಳಬೇಕು. ಅದು ಹೇಳಿದ ತಪ್ಪು ವೇಳೆಯನ್ನೇ ಒಪ್ಪಿಕೊಂಡು, ಆ ವೇಳೆಯಲ್ಲಿ ಬರೆದಂತೆ ಓಲೆ ಬರೆಯಬೇಕು. ಆಗ ಒಳಗೆ ಬಿಡುತ್ತದೆ. ಒಳಹೊಕ್ಕ ಮೇಲೆ ತಿದ್ದಬಹುದು.

ಹತ್ತು ವರ್ಷ ಪಾಠ ಹೇಳಿದ ನಾನು ಅಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಿದ್ದಬೇಕಾದವರ ತಲೆಯಲ್ಲಿ ಗಂಟೆಯೆಷ್ಟೆಂದು ಮೊದಲು ಕೇಳಬೇಕೆಂಬುದು ತರಗತಿಯಲ್ಲಿ ನನಗೆಷ್ಟು ದಿನ ನೆನಪಿಗೆ ಬಂದಿತ್ತು?

ಇನ್ನು ಉಳಿದದ್ದು ವಿಳಾಸ. ಹೊಸ ತಂತಿಗೆ ತಕ್ಕಂತೆ ಕ್ಯಾಮೆರಾದ ನೆಟ್‌ವರ್ಕ್ ವಿಳಾಸವನ್ನೂ ಬದಲಾಯಿಸಬೇಕಿತ್ತು. ನಾಲ್ಕು ಅಂಕಿಗಳ ಈ ವಿಳಾಸವೆಂದರೆ ಬೀದಿಯ ಹೆಸರೂ ಮನೆಯ ಸಂಖ್ಯೆಯೂ ಕೂಡಿದ ಹಾಗೆ. 192.168.10.25 ಎಂದು ಬರೆಯುವ ಕಡೆ ಹತ್ತರ ಸೊನ್ನೆಯನ್ನು ನುಂಗಿ 192.168.1.25 ಎಂದು ಬರೆದೆ. ಕ್ಯಾಮೆರಾ ವಿಧೇಯವಾಗಿ ಬೇರೊಂದು ಬೀದಿಗೆ ಮನೆ ಬದಲಾಯಿಸಿತು. ಆಮೇಲೆ ಎಷ್ಟು ಕೂಗಿದರೂ ಉತ್ತರವಿಲ್ಲ. ಗಡಿಯಾರದ ತಪ್ಪನ್ನು ದೂರದಿಂದಲೇ ತಿದ್ದಬಹುದು. ವಿಳಾಸದ ತಪ್ಪು ಹಾಗಲ್ಲ, ಅದು ಕುಳಿತ ಕೊಂಬೆಯನ್ನೇ ಕಡಿದಂತೆ. ಆದುದರಿಂದ ವಿಳಾಸದ ಅಪ್ಪಣೆ ಎಲ್ಲಕ್ಕಿಂತ ಕೊನೆಯದಾಗಿರಬೇಕು; ಕೊಡುವ ಮೊದಲು ಗಟ್ಟಿಯಾಗಿ ಓದಿಕೊಳ್ಳಬೇಕು; ಯಂತ್ರದ ಬಳಿ ಒಬ್ಬ ಮನುಷ್ಯನಿರಬೇಕು.

ನಮ್ಮಲ್ಲಿ ಆ ಮನುಷ್ಯ ಜವಾನನೇ. ನನ್ನ ಮುಖ ನೋಡಿ, “ಏಣಿ ತರ್ಲಾ, ಸಾರ್?” ಎಂದ. ಹತ್ತಿ, ನಾನು ಹೇಳಿದ ಗುಂಡಿಯನ್ನು ಒತ್ತಿ ಹಿಡಿದ. ಕ್ಯಾಮೆರಾ ಕಾರ್ಖಾನೆಯಿಂದ ಬಂದ ದಿನದಂತೆ ಎಲ್ಲವನ್ನೂ ಮರೆಯಿತು. ಮೊದಲಿನಿಂದ ಎಲ್ಲವನ್ನೂ ಕಲಿಸಿದೆ. ಈ ಸಾರಿ ಸರಿಯಾಗಿ. ಅವನಿಗೆ ಕೃತಜ್ಞತೆ ಹೇಳಿದಾಗ, “ಅದಕ್ಕೇನು ಬಿಡಿ ಸಾರ್” ಎಂದು ಏಣಿಯನ್ನು ಹೆಗಲಿಗೇರಿಸಿದ.

ನಾಚಿಕೆಯಿಂದ ಮೂರು ತಿಂಗಳು ತಪ್ಪಿಸಿಕೊಂಡಿದ್ದ ನಾನು ಅಂದು ಸಂಜೆ ಗುರುಗಳ ಮನೆಗೆ ಹೋದೆ. ನಡೆದುದೆಲ್ಲವನ್ನೂ ಹೇಳಿ, ಆ ಮಾತುಗಳನ್ನು ಇನ್ನೊಮ್ಮೆ ಮಗಳಿಗಾಗಿ ಹೇಳಬೇಕೆಂದು ಕೇಳಿಕೊಂಡೆ.

“ಅವು ಅಂದಿನ ಮಾತು ಕಣಯ್ಯ. ಇಂದು ಹೇಳಿದರೆ ನಾಟಕವಾಗುತ್ತದೆ” ಎಂದರು. ಬಳಿಕ, “ನಿನ್ನ ಕ್ಯಾಮೆರಾ ಹಿಡಿದದ್ದು ಏನೋ ಇದೆಯಲ್ಲ, ಅದನ್ನು ತೋರಿಸು” ಎಂದರು.

ಇಬ್ಬರೂ ಕುಳಿತು ನೋಡಿದೆವು. ನಾನು ಮೊದಲ ದಿನ ನೋಡದೆ ಮುಚ್ಚಿದ ಭಾಗ ಅಲ್ಲಿತ್ತು. ಜವಾನ ಗುಡಿಸಿ ಮುಗಿಸಿದ. ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿದ. ವೇದಿಕೆಯ ಮೇಲೆ ಗುರುಗಳು ಕುಳಿತಿದ್ದ ಕುರ್ಚಿಯೊಂದು ಉಳಿಯಿತು. ಅದರ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ, ಅತ್ತಿತ್ತ ನೋಡಿದ, ಖಾಲಿ ಕುರ್ಚಿಗೆ ಒಮ್ಮೆ ಕೈ ಮುಗಿದು ಅದನ್ನೂ ಎತ್ತಿಕೊಂಡು ಹೋದ.

ಗುರುಗಳು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

“ಇದನ್ನೇ ಮಗಳಿಗೆ ಕಳಿಸಪ್ಪ. ಮೂಲೆಯಲ್ಲಿರುವ ವೇಳೆ ತಪ್ಪೆಂದು ಮಾತ್ರ ಬರೆದು ಹಾಕು.”