ವಯನಾಡಿಗೆ ಹೋಗದ ರಜೆ

ಮಕ್ಕಳೇ, 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡ್ ಕಡೆ ನಿಪಾ ಜ್ವರ ಕಾಣಿಸಿಕೊಂಡಾಗ, ಚಳ್ಳಕೆರೆಯ ನಮ್ಮ ಮನೆಯಲ್ಲಿ ವಯನಾಡಿಗೆ ಹೊರಡುವ ತಯಾರಿ ನಡೆದಿತ್ತು. ಮುಂಗಡ ನಾಲ್ಕು ಸಾವಿರ ಕಟ್ಟಿಯಾಗಿತ್ತು. "ಅಪ್ಪಾ, ದುಡ್ಡು ಹೋಗುತ್ತಲ್ಲ" ಅಂದಳು ಮಗಳು. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. "ಹೋದರೂ ಬಿಟ್ಟರೂ ಅದು ಖರ್ಚಾದ ಹಣವೇ, ಅದನ್ನು ತಕ್ಕಡಿಗೆ ಹಾಕಬೇಡಮ್ಮ" ಅಂದೆ.

ಕೇರಳಕ್ಕೆ ಕೇರಳವೇ ಅಪಾಯವೆಂದಲ್ಲ. ಹೆಚ್ಚು ಎಚ್ಚರ ಬೇಕೆನ್ನುವವರು ಕೋಝಿಕ್ಕೋಡ್, ಮಲಪ್ಪುರಂ, ವಯನಾಡು, ಕಣ್ಣೂರು ಬಿಡಲಿ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳಿತ್ತು. ನಿಪಾಕ್ಕೆ ಲಸಿಕೆಯಿಲ್ಲ. ರೋಗಿಯ ಆರೈಕೆ ಮಾಡಿದ ನರ್ಸ್ ಲಿನಿಯೇ ತೀರಿಕೊಂಡಿದ್ದರು. ಪ್ರವಾಸ ಬಿಟ್ಟೆವು.

ಮೊಮ್ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬುತ್ತಿ ಕಟ್ಟಿಸಿಕೊಂಡು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದು ಅಶೋಕನ ಶಾಸನ ತೋರಿಸಿದೆ. "ಓದೋಕೆ ಬರುತ್ತಾ ತಾತಾ?" ಅಂದ. ಬಾರದು ಅಂದೆ. ಅವನಿಗೆ ಭಾರೀ ಖುಷಿ!